ಬಾಗಿಲಿಗೆ ಕಟ್ಟಿದ ಒಣಬಾಟಲಿ

ಕಲಬುರಗಿ, ಕೆಳಗೇರಿ
ಕ್ರಿ.ಶ. ೨೨೧೪, ಬಿಸಿಲಮಾಸದ ನಲವತ್ತೊಂದನೆಯ ದಿನ

ಇನ್ನೂರು ವರ್ಷ ಹಿಂದಿರುವ ಅಕ್ಕನಿಗೆ,

ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಮ್ಮಲ್ಲಿ ತಿಂಗಳುಗಳ ಹೆಸರೂ ಬದಲಾಗಿದೆ, ಅಳತೆಯೂ. ಮೇಲೆ ಕಾಲಿಡಲಾಗದ ಬಿಸಿಲು. ಅದಕ್ಕೇ ನೆಲದಡಿ ತೋಡಿದ ಕೆಳಗೇರಿಯಲ್ಲಿ ಬದುಕುತ್ತೇವೆ, ಹಗಲು ಮಲಗುತ್ತೇವೆ. ಈ ಮಧ್ಯಾಹ್ನ ನಾನೊಬ್ಬಳು ಮಲಗಿಲ್ಲ. ಮಡಿಲಲ್ಲಿ ಐದು ತಿಂಗಳ ಮಗಳು ಇಂಚರ, ಗೋಡೆಯಾಚೆ ಅವ್ವನ ಉಸಿರು.

ಅವ್ವನಿಗೆ ಸ್ತನದ ಕ್ಯಾನ್ಸರ್. ಈಗ ಶ್ವಾಸಕೋಶದ ಸುತ್ತ ನೀರು ತುಂಬುತ್ತದೆ. ಅದನ್ನು ತಡೆಯಲು ನಮ್ಮ ಕಾಲದವರೂ ಕಲಿತಿಲ್ಲ. ಪಕ್ಕೆಯಲ್ಲೊಂದು ಮೆತ್ತನೆಯ ಕೊಳವೆ ಇಟ್ಟಿದ್ದಾರೆ. ದಿನ ಬಿಟ್ಟು ದಿನ ಕೈ ತೊಳೆದು, ಬಾಟಲಿ ಜೋಡಿಸಿ, ಮನೆಯವರೇ ನೀರು ಇಳಿಸಬೇಕು. ನಿಮ್ಮಲ್ಲೂ ಹೀಗೇ ಇತ್ತೆಂದು ಓದಿದ್ದೇನೆ.

ನಮ್ಮ ಕೇರಿಯಲ್ಲೊಂದು ಪದ್ಧತಿಯಿದೆ. ಸತತ ಮೂರು ಸಲ ಬಾಟಲಿ ಒಣಗಿಯೇ ಬಂದರೆ ಇನ್ನು ನೀರು ತುಂಬುವುದಿಲ್ಲವೆಂದು ನಂಬಿ, ಆ ಒಣಬಾಟಲಿಯನ್ನು ಬಾಗಿಲಿಗೆ ಕಟ್ಟಿ ಹುಗ್ಗಿ ಹಂಚುತ್ತಾರೆ. ಮೂರನೆಯ ಸಲವೂ ಹನಿ ಬೀಳದಿದ್ದಾಗ ನಾನು ಓಡಿಹೋಗಿ ಕಟ್ಟಿದೆ. ಎದುರುಮನೆಯ ಗುರುಬಾಯಿ ಹುಗ್ಗಿ ಚಪ್ಪರಿಸುತ್ತ, “ಇನ್ನೇನವ್ವಾ, ನಿಮ್ಮವ್ವ ನಮ್ಮನ್ನೆಲ್ಲಾ ಮಣ್ಣಾಗಿಟ್ಟೇ ಹೋಗಾಕಿ ನೋಡು!” ಎಂದಳು. ಅವ್ವ ನಕ್ಕಳು. ನಗು ಕೆಮ್ಮಾಯಿತು.

ಅಂದೇ ಮಲಗುವಾಗ, ತಲೆ ಎತ್ತರವಾಗದಿದ್ದರೆ ಉಸಿರು ಸಾಲದೆಂದು, ಮೂರನೆಯ ದಿಂಬು ಕೇಳಿದಳು. ಎರಡು ದಿನ ಬಿಟ್ಟು ನಾಲ್ಕನೆಯದು. ನಾನು ಕಾಲೇಜು ಓದಿದವಳು. ಕೊಳವೆ ಕಟ್ಟಿಕೊಂಡಿರಬಹುದೇ ಎಂದು ಹೊಳೆಯದೆ ಇರಲಿಲ್ಲ. ಆದರೆ ಕಟ್ಟಿದ ಬಾಟಲಿಯನ್ನು ಯಾವ ಮುಖದಿಂದ ಬಿಚ್ಚಲಿ? ಕೇರಿಯೆಲ್ಲ ಹುಗ್ಗಿ ತಿಂದಾಗಿದೆ. ನಾಲ್ಕು ದಿನ ಸುಮ್ಮನಿದ್ದೆ. ಐದನೆಯ ದಿನ ಅವ್ವ ಕೂತೇ ತೂಕಡಿಸುತ್ತಿದ್ದಳು, ತುಟಿ ನೀಲಿ.

ದವಾಖಾನೆಯಲ್ಲಿ ನೋಡಿದರು. ನೀರು ನಿಂತಿರಲಿಲ್ಲ, ಕೊಳವೆಯೊಳಗೆ ಗಸಿ ಕಟ್ಟಿತ್ತು, ಎದೆಯೊಳಗೆ ನೀರು ಸಣ್ಣ ಸಣ್ಣ ಗೂಡುಗಳಾಗಿ ಸಿಕ್ಕಿಕೊಂಡಿತ್ತು. “ಸ್ವಲ್ಪ ಮೊದಲ ಬಂದಿದ್ರ ಚಲೋ ಇತ್ತು” ಎಂದಷ್ಟೇ ಡಾಕ್ಟರಮ್ಮ ಹೇಳಿದರು. ಕೊಳವೆಗೆ ಔಷಧ ಹಾಕಿದರೂ ಈಗ ಅರ್ಧ ಲೋಟವೂ ಇಳಿಯುತ್ತಿಲ್ಲ. ಏದುಸಿರಿನ ಸಂಕಟಕ್ಕೆ ಮಾರ್ಫಿನ್ ಹನಿ ಕೊಟ್ಟು ಮನೆಗೆ ಕಳಿಸಿದ್ದಾರೆ.

ಅವ್ವ ಬೈಯಲಿಲ್ಲ. “ಬಾಟ್ಲಿ ಇಳಸವ್ವಾ. ಅದನ್ನ ನೋಡಿ ಮತ್ತ್ಯಾರರೆ ಮೋಸ ಹೋದಾರು” ಎಂದಳು. ಇಳಿಸಿದೆ, ಎಲ್ಲರ ಕಣ್ಣೆದುರಿಗೇ.

ಈ ಕಾಗದ ಹಿಂದಕ್ಕೆ ಹೋಗಿ ಮುಟ್ಟುತ್ತದೋ ಇಲ್ಲವೋ. ಮುಟ್ಟಿದರೆ, ಅಕ್ಕಾ, ಬಾಟಲಿಯೊಂದನ್ನೇ ನಂಬಬೇಡಿ. ನೀರು ಬರುವುದು ನಿಂತ ಮೇಲೂ ಉಸಿರು ಹಗುರಾಗದಿದ್ದರೆ ಅಂದೇ ದವಾಖಾನೆಗೆ ಹೋಗಿ, ಮಂದಿ ಏನಾದರೂ ಅಂದುಕೊಳ್ಳಲಿ. ತಲೆಯಡಿಯ ದಿಂಬುಗಳನ್ನು ಎಣಿಸಿ.

ನಮ್ಮಲ್ಲಿ ಇಂದು ಐದು. ಐದನೆಯದನ್ನು ಇಂಚರಳ ತೊಟ್ಟಿಲಿನಿಂದ ತೆಗೆದೆ.

ಇಂತಿ,
ಸುಗಲಾ