ಅಕ್ಕ ನರ್ಸಿಗೆ ಹೇಳದ್ದು

ಮಾರ್ಚ್ ೧೨, ಗುರುವಾರ

ಅಕ್ಕ ಇಂದು ನರ್ಸಿಗೆ ಸುಳ್ಳು ಹೇಳಿದಳು. ಅವಳ ಮೈಯೆಲ್ಲ ಹಬ್ಬಿದ ನೋವಿಗೆ ಅರಿವಳಿಕೆ ಮದ್ದನ್ನು ಡ್ರಿಪ್‌ನಲ್ಲಿ ಏರಿಸುತ್ತಿದ್ದಾಗ ಅವರು ಮತ್ತೆ ಮತ್ತೆ ಕೇಳಿದರು: "ತುಟಿ ಜೋಮು ಹಿಡೀತಿದ್ಯಾ? ಕಿವಿ ಗುಂಯ್ ಅಂತಿದ್ಯಾ?"

"ಇಲ್ಲ ಸಿಸ್ಟರ್, ಆರಾಮಾಗಿದೀನಿ."

ಮನೆಗೆ ಬಂದ ಮೇಲೆ ನನ್ನ ಕಿವಿ ಹಿಂಡಿ ಹೇಳಿದಳು: "ಎರಡೂ ಆಗಿತ್ತು ಕಣೋ. ಹೇಳಿದ್ರೆ ನಿಲ್ಲಿಸಿಬಿಡ್ತಿದ್ರು. ಎಷ್ಟೋ ವರ್ಷದ ಮೇಲೆ ಈ ಮೈ ನಂದು ಅನ್ನಿಸ್ತು. ಬಾಯಿ ಬಿಟ್ಯೋ, ನಿನ್ನ ಕರಪತ್ರವೆಲ್ಲ ಒಲೆಗೆ!"

ನೋವಿನ ಚಿಕಿತ್ಸೆಯ ಬಗ್ಗೆ ನಾನು ಕೂಡಿಟ್ಟ ಆ ಕರಪತ್ರಗಳಲ್ಲೇ ಓದಿದ್ದೇನೆ: ಮದ್ದು ವಿಷವಾಗುವ ಮೊದಲ ಸೂಚನೆಗಳು ಅವು, ಮುಂದಿನ ಸರದಿ ಹೃದಯದ್ದು. ನೋವಿನ ವಿಷಯದಲ್ಲಿ ರೋಗಿಯ ಮಾತೇ ಅಂತಿಮವೆಂದು ಡಾಕ್ಟರ ಮೇಜು ಗುದ್ದಿದವನೂ ನಾನೇ. ಅವಳ ಮಾತು ನಂಬಿ ನಾಳೆ ಪ್ರಮಾಣ ಹೆಚ್ಚಿಸುತ್ತಾರೆ.

ಪಕ್ಕದ ಕೋಣೆಯಲ್ಲಿ ಅಕ್ಕ ನರಳದೆ ಮಲಗಿದ್ದಾಳೆ. ಹೇಳಿದರೆ ಈ ನಿದ್ದೆ ಕಸಿದವನು ನಾನು. ಹೇಳದಿದ್ದರೆ...