ನಳಕ್ಕೆ ನೀರು ಬರುವ ಹೊತ್ತಿಗೆ ಕರೆದ ಸಭೆ

ಕುಂಬಾರ ಓಣಿ, ಬೆಳವಂಗಿ
ಬೇಸಿಗೆಯ ಎಂಟನೆಯ ತಿಂಗಳು, ತಾರೀಖು ಮೂವತ್ತೆಂಟು, 2171

ಬೆಳವಂಗಿ ಉದ್ಯಾನ ಸಮಿತಿಯ ಅಧ್ಯಕ್ಷರಾದ ಶ್ರೀ ಶಿವಯೋಗೆಪ್ಪ ಹಾದಿಮನಿಯವರಿಗೆ ಕುಂಬಾರ ಓಣಿಯ ಹೊನ್ನವ್ವನ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಒಂದು ಹನಿಯಾದರೂ ಮಳೆ ಬೀಳುವ ತನಕ ತಿಂಗಳು ಬದಲಾಗುವುದಿಲ್ಲ, ಹೀಗಾಗಿ ಮೂವತ್ತೆಂಟೂ ಬರುತ್ತದೆ, ಐವತ್ತೂ ಬರುತ್ತದೆ. ನನ್ನ ಬರಹದಲ್ಲಿ ನಿಮಗೆ ಗೊತ್ತಿಲ್ಲದ ಕೆಲವು ಶಬ್ದಗಳು ಸಿಗುತ್ತವೆ. ಅದಕ್ಕೆ ಕ್ಷಮೆ ಇರಲಿ. ಮಿಕ್ಕ ಯಾವುದಕ್ಕೂ ನಾನು ಕ್ಷಮೆ ಕೇಳುವವಳಲ್ಲ. ಸಿಟ್ಟು ಬಂದಿದೆ, ಸಿಟ್ಟಿನಲ್ಲೇ ಬರೆಯಲು ಕೂತಿದ್ದೇನೆ.

ಈ ಪತ್ರ ನಿಮ್ಮ ಕೈಗೆ ಹೇಗೆ ಬಂತೆಂದು ತಲೆ ಕೆಡಿಸಿಕೊಳ್ಳಬೇಡಿ. ನಮ್ಮಲ್ಲಿ ಹಿಂದಂಚೆ ಎಂಬುದೊಂದಿದೆ, ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಒಂದು ಓಣಿಗೆ ಒಂದೇ ಪತ್ರ, ಅತ್ತು ಕರೆದರೂ ಇನ್ನೊಂದು ಕೊಡುವುದಿಲ್ಲ. ನಮ್ಮ ಓಣಿಯ ಪತ್ರ ಯಾರಿಗೆ ಹೋಗಬೇಕೆಂದು ದೊಡ್ಡ ಜಗಳವೇ ಆಯಿತು. ನಮ್ಮ ಕಾಕಾ ತನ್ನ ಮುತ್ತಜ್ಜನಿಗೆ ಬರೆದು ಹಳ್ಳದ ದಂಡೆಯ ಹೊಲ ಮಾರಬೇಡ ಎಂದು ಹೇಳಬೇಕೆಂದ. ಒಬ್ಬಳಿಗೆ ತನ್ನ ಅಜ್ಜಿಯ ಮದುವೆಯನ್ನೇ ನಿಲ್ಲಿಸಬೇಕಿತ್ತು. ಕೊನೆಗೆ ಎಲ್ಲರೂ ನಿಮ್ಮ ಹೆಸರಿಗೇ ಬಂದು ನಿಂತರು. ಸತ್ತುಹೋದ ಅಷ್ಟು ಜನರಲ್ಲಿ ನಿಮ್ಮನ್ನೇ ಆರಿಸಿದ್ದೇವೆ ಅಂದರೆ ನಮ್ಮ ಹೊಟ್ಟೆ ಎಷ್ಟು ಉರಿದಿರಬೇಕು, ನೀವೇ ಯೋಚಿಸಿ.

ನಮ್ಮ ದಿನ ಹೇಗಿರುತ್ತದೆಂದು ಹೇಳುತ್ತೇನೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದರ ತನಕದ್ದಕ್ಕೆ ನಾವು ಉರಿಹೊತ್ತು ಅನ್ನುತ್ತೇವೆ. ಆಗ ಬಯಲಿನಲ್ಲಿ ಯಾರೂ ನಿಲ್ಲುವ ಹಾಗಿಲ್ಲ. ಮಕ್ಕಳ ಶಾಲೆ ನಸುಕಿನಲ್ಲೇ ಶುರುವಾಗಿ ಬಿಸಿಲೇರುವ ಮೊದಲೇ ಬಿಡುತ್ತದೆ, ಸಂತೆ ದೀಪ ಹಚ್ಚಿದ ಮೇಲೆ ಕೂಡುತ್ತದೆ. ಮನೆಗಳಿಗೆ ತೇವಗೋಡೆ ಇರುತ್ತದೆ: ತೂತು ಕೊರೆದ ಗಡಿಗೆಗಳನ್ನು ಒಂದರ ಮೇಲೊಂದು ಪೇರಿಸಿ, ಒಳಗೆ ಒದ್ದೆ ಮರಳು ತುಂಬಿದ ಗೋಡೆ. ಗಾಳಿ ಅದರೊಳಗಿಂದ ತಂಪಾಗಿ ಬರುತ್ತದೆ. ಅವನ್ನು ಮಾಡುವುದೇ ನಮ್ಮ ಕಸುಬು, ನಮ್ಮ ಗಡಿಗೆಗೆ ಸುತ್ತಲ ಊರಿನಲ್ಲೆಲ್ಲ ಹೆಸರಿದೆ. ಆದರೆ ನೀರು ತೀರಿದರೆ ಗೋಡೆ ಒಣಗುತ್ತದೆ, ಗೋಡೆ ಒಣಗಿದರೆ ಮನೆಯೇ ಗಡಿಗೆ ಸುಡುವ ಆವಿಗೆಯಾಗುತ್ತದೆ. ಆಗ ನೆರಳುಪಾಳಿಗೆ ಓಡಬೇಕು. ಪಾಳಿ ಅಂದರೆ ಓಣಿಯ ತುದಿಯ ತಗಡಿನ ಚಪ್ಪರದ ಕೆಳಗೆ ಮನೆಗೊಂದು ತಾಸು. ಗಂಟೆ ಬಾರಿಸಿದ ಕೂಡಲೇ ಎದ್ದು ಹೋಗಬೇಕು, ಮುಂದಿನ ಮನೆಯವರು ಕಾಯುತ್ತಿರುತ್ತಾರೆ.

ನನ್ನ ಅವ್ವ ಶಾವಂತ್ರೆವ್ವನಿಗೆ ಎಪ್ಪತ್ತು ದಾಟಿದೆ. ಹೋದ ವಾರ ಪಾಳಿ ಮುಗಿದು ಮನೆಗೆ ಬರುವಾಗ ಅವಳ ಕಣ್ಣಿಗೆ ಕತ್ತಲೆ ಬಂದು, ಬೀಳಬಾರದೆಂದು ಪಕ್ಕದ ಕಲ್ಲಿಗೆ ಕೈ ಕೊಟ್ಟಳು. ಅದು ನಿಮ್ಮ ಉದ್ಯಾನದ ಬಾಗಿಲಿನ ಕಮಾನು. ಅಂಗೈ ಚರ್ಮ ಕಲ್ಲಿಗೇ ಅಂಟಿಕೊಂಡಿತು. ಅರವತ್ತು ವರ್ಷ ಗಡಿಗೆ ತಟ್ಟಿದ ಕೈ ಅದು. ಇನ್ನೊಂದು ಬೇಸಿಗೆ ಹೀಗೇ ನಡೆದರೆ ಅವ್ವ ಉಳಿಯುವುದಿಲ್ಲ, ಇದು ಅವಳಿಗೂ ಗೊತ್ತು, ನನಗೂ ಗೊತ್ತು. ಆ ಕೈಗೆ ಲೋಳೆಸರ ಹಚ್ಚುತ್ತಾ ತಲೆ ಎತ್ತಿ ನೋಡಿದರೆ ಮೇಲೆ ನಿಮ್ಮ ಹೆಸರು.

ಹೌದು, ಕಮಾನು ಇನ್ನೂ ನಿಂತಿದೆ. ನಿಮ್ಮ ಸಂಗೀತ ಕಾರಂಜಿ ನಾಲ್ಕು ದಿನ ಹಾಡಿ ಸುಮ್ಮನಾಯಿತಂತೆ. ಕಸರತ್ತಿನ ಕಬ್ಬಿಣವನ್ನು ಯಾರೋ ಕಿತ್ತುಕೊಂಡು ಹೋದರು. ಹುಲ್ಲು ಹೋಯಿತು, ವಾಕಿಂಗ್ ಟ್ರ್ಯಾಕಿನ ಇಟ್ಟಿಗೆ ಎದ್ದು ಹೋಯಿತು. ಗ್ರಾನೈಟಿನ ಕಮಾನು ಮಾತ್ರ ಜಪ್ಪಯ್ಯ ಅಂದರೂ ಅಲುಗಿಲ್ಲ. ಅದು ಕೊಡುವ ನೆರಳಿನಲ್ಲಿ ಒಂದು ನಾಯಿ ಮಲಗಬಹುದು, ಅದೂ ಸಣ್ಣ ನಾಯಿಯಾದರೆ. ಆ ಜಾಗದಲ್ಲಿ ಮೊದಲು ಒಂದು ಬಸರಿ ಮರ ಇತ್ತು. ಇಡೀ ಓಣಿ ಅದರ ಕೆಳಗೆ ಕೂತರೂ ಇನ್ನೂ ಜಾಗ ಉಳಿಯುತ್ತಿತ್ತು ಎಂದು ಹೇಳುತ್ತಾರೆ.

ಅದು ಹೇಗೆ ಹೋಯಿತೆಂಬುದನ್ನು ನಮ್ಮ ಮನೆಯ ಹೆಣ್ಣುಮಕ್ಕಳು ರೊಟ್ಟಿ ಬಡಿಯುವುದನ್ನು ಕಲಿಯುವಾಗಲೇ ಕಲಿಯುತ್ತಾರೆ. ನಿಮಗೆ ಅದು ಬರುವ ಮಂಗಳವಾರ, ನಮಗೆ ಹಳೆಯ ಕಥೆ. ನೀವು ಬಯಲಿನಲ್ಲಿ ಶಾಮಿಯಾನ ಹಾಕಿಸಿ, ನಕ್ಷೆ ಹರಡಿ, ಊರವರಿಗೆ ಎಂಥ ಉದ್ಯಾನ ಬೇಕೆಂದು ಕೇಳಿದಿರಿ. ಕೇಳಿದ್ದು ಒಳ್ಳೆಯದೇ, ಅದಕ್ಕೆ ನನ್ನ ತಕರಾರಿಲ್ಲ. ಕೇಳಿದ ಹೊತ್ತು ಯಾವುದು? ಸಂಜೆ ನಾಲ್ಕು. ಕುಂಬಾರ ಓಣಿಯ ನಳಕ್ಕೆ ವಾರಕ್ಕೊಮ್ಮೆ ನೀರು ಬರುವುದು ಮಂಗಳವಾರ ನಾಲ್ಕಕ್ಕೇ. ನಿಮಗೆ ಅದು ಹೇಗೆ ಗೊತ್ತಿರಬೇಕು? ನಿಮ್ಮ ಮಾಳಿಗೆಯ ಮೇಲೆ ಟಾಕಿ ಇದೆ, ಗುಂಡಿ ಒತ್ತಿದರೆ ಮೋಟರು ನೀರು ಏರಿಸುತ್ತದೆ. ಶಾಮಿಯಾನದೊಳಗೆ ಕೂತವರಿಗೆಲ್ಲ ಹಾಗೆಯೇ. ಒಬ್ಬರು ಕಾರಂಜಿ ಕೇಳಿದರು, ಒಬ್ಬರು ಕಸರತ್ತಿನ ಸಾಮಾನು ಕೇಳಿದರು, ನೀವು ಕಮಾನು ಕೇಳಿದಿರಿ. ಕಮಾನಿಗೆ ಮರ ಅಡ್ಡ ಬರುತ್ತದೆ ಎಂದ ಎಂಜಿನಿಯರನ ಮಾತಿಗೆ ಎಲ್ಲರೂ ತಲೆ ಆಡಿಸಿದರು.

ಮೂರು ಸಲ ಕೇಳಿ ಯಾರೂ ಬಾಯಿ ಬಿಡದಿದ್ದರೆ ಊರು ಒಪ್ಪಿದ ಹಾಗೆ, ಇದು ನಮ್ಮ ಬೆಳವಂಗಿಯ ಪದ್ಧತಿ. ನೀವೂ ಮೈಕಿನಲ್ಲಿ ಮೂರು ಸಲ ಕೇಳಿದಿರಿ, ಯಾರದರ ತಕರಾರ ಐತೇನ್ರಿ ಎಂದು. ಸ್ಪೀಕರ್ ಕಟ್ಟಿದ್ದು ನಮ್ಮ ನಳದ ಪಕ್ಕದ ಕಂಬಕ್ಕೆ. ನನ್ನ ಮುತ್ತಜ್ಜಿಯ ಅಜ್ಜಿ ತಿಪ್ಪವ್ವ ಆಗ ನಳದ ಕೆಳಗೆ ಕೊಡ ಹಿಡಿದಿದ್ದಳು. ಆ ಮರದ ಕೆಳಗೇ ಅವಳು ಗಡಿಗೆ ಮಾರುತ್ತಿದ್ದಳು, ಅದರ ಕೊಂಬೆಗೇ ಕೂಸಿನ ಜೋಳಿಗೆ ಕಟ್ಟುತ್ತಿದ್ದಳು. ಐತ್ರಿ, ನಂದೈತಿ ಎಂದು ಮೂರು ಸಲವೂ ಕೂಗಿದಳು. ನೀರು ದಾರದಷ್ಟು ಸಣ್ಣಗೆ ಬರುತ್ತಿತ್ತು. ಕೊಡ ಬಿಟ್ಟು ಓಡಿದರೆ ಮನೆಗೆ ಒಂದು ವಾರ ನೀರಿಲ್ಲ. ನಿಮ್ಮ ಮಾತು ಅವಳಿಗೆ ಕೇಳಿಸಿತು, ಅವಳ ಕೂಗು ನಿಮಗೆ ಕೇಳಿಸಲಿಲ್ಲ. ಕೊಡ ತುಂಬುವ ಮೊದಲೇ ಅಲ್ಲಿ ಚಪ್ಪಾಳೆಯಾಯಿತು. ಆಮೇಲೆ ಮರ ಕಡಿದಿರಿ, ಬೇಲಿ ಹಾಕಿದಿರಿ, ಉದ್ಯಾನ ಕೆಡಬಾರದೆಂದು ಬಿಸಿಲು ಹೊತ್ತಿನಲ್ಲಿ ಗೇಟಿಗೆ ಬೀಗವನ್ನೂ ಜಡಿದಿರಿ. ನೆರಳು ಬೇಕಾಗುವ ಹೊತ್ತಿಗೇ ಬೀಗ.

ನೀವು ಏನು ಹೇಳುತ್ತೀರೆಂದು ನನಗೆ ಗೊತ್ತು. ಆಟೋದಲ್ಲಿ ಮೈಕು ಕಟ್ಟಿ ಸಾರಿಸಿದೆವು, ಬಾರದಿದ್ದರೆ ನಾವೇನು ಮಾಡೋಣ, ಆ ಓಣಿಯವರಿಗೆ ಊರಿನ ಉಸಾಬರಿಯೇ ಬೇಡ ಎನ್ನುತ್ತೀರಿ. ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ನೀವು ಕೆಟ್ಟವರೆಂದು ತಿಪ್ಪವ್ವ ಯಾವತ್ತೂ ಹೇಳಲಿಲ್ಲವಂತೆ. ಪಾಪ, ಅವರಿಗೆ ನಳದ ವಾರ ಗೊತ್ತಿರಲಿಲ್ಲ ಎಂದಳಂತೆ. ಅವಳು ದೊಡ್ಡ ಮನಸ್ಸಿನವಳು. ನಾನು ಅಲ್ಲ. ಊರಿನ ಅಧ್ಯಕ್ಷನಾದವನಿಗೆ ಊರಿನ ನಳದ ವಾರ ಗೊತ್ತಿಲ್ಲದಿದ್ದರೆ ಮತ್ತೇನು ಗೊತ್ತಿದ್ದು ಏನು ಬಂತು? ನಾವು ಈಗ ಯಾವ ಸಭೆಯಿದ್ದರೂ ನೀರಿನ ಸಾಲಿನಲ್ಲೇ ಮಾಡುತ್ತೇವೆ. ಮಾತಾಡಲು ಎದ್ದವರ ಕೊಡವನ್ನು ಹಿಂದಿನವರು ಹಿಡಿಯಬೇಕು, ಅದು ಕಟ್ಟಳೆ. ಅದಕ್ಕೆ ತಿಪ್ಪವ್ವನ ಕೈ ಅನ್ನುತ್ತೇವೆ.

ಸಭೆಯನ್ನು ಮುಂದೂಡಿ ಎಂದು ನಾನು ಕೇಳುವುದಿಲ್ಲ. ಮಂಗಳವಾರವೇ ಇರಲಿ, ನಾಲ್ಕಕ್ಕೇ ಇರಲಿ. ಆ ನಕ್ಷೆಯನ್ನು ಸುತ್ತಿಕೊಂಡು ನಳದ ಹತ್ತಿರ ನಡೆದುಕೊಂಡು ಬನ್ನಿ, ಅಷ್ಟೇ. ಮೈಕು ಬೇಡ. ಸಾಲಿನ ಮುಂದೆ ಹಸಿರು ಸೀರೆ ಉಟ್ಟ ಒಬ್ಬ ಹೆಣ್ಣುಮಗಳು ಇರುತ್ತಾಳೆ. ಅವಳ ಕೊಡ ನೀವು ಹಿಡಿದುಕೊಂಡು, ಅವಳನ್ನು ಒಂದೇ ಒಂದು ಸಲ ಕೇಳಿ.

ಈ ಪತ್ರ ನಸುಕಿನ ಅಂಚೆಗೆ ಹೋಗುತ್ತದೆ. ಅವ್ವನಿಗೆ ಏನೂ ಹೇಳಿಲ್ಲ. ಮಧ್ಯಾಹ್ನ ಅವಳ ಇನ್ನೊಂದು ಕೈ ಹಿಡಿದು ಬಾಗಿಲು ತೆಗೆಯುತ್ತೇನೆ. ಎದುರಿಗೆ ಕಮಾನು ಇದ್ದರೆ ನಿಮ್ಮ ಹೆಸರನ್ನು ಮತ್ತೊಮ್ಮೆ ಓದಿ ಬಾಗಿಲು ಹಾಕಿಕೊಳ್ಳುತ್ತೇನೆ. ಬಸರಿ ಮರ ಇದ್ದರೆ ನಿಮ್ಮ ಹೆಸರು ಎಲ್ಲಿಯೂ ಇರುವುದಿಲ್ಲ. ನೀವು ಯಾರು, ಏನು ಮಾಡಿದಿರಿ, ನಮಗೆ ಯಾರಿಗೂ ಗೊತ್ತಿರುವುದಿಲ್ಲ, ಹೊನ್ನವ್ವನೂ ನಿಮ್ಮನ್ನು ನೆನೆಯುವುದಿಲ್ಲ. ಅವ್ವ ಮರದ ಕೆಳಗೆ ಕಾಲು ಚಾಚಿ ಕೂತು, ಗಂಟೆಯ ಭಯವಿಲ್ಲದೆ ಎಲೆಅಡಿಕೆ ಹಾಕಿಕೊಳ್ಳುತ್ತಿರುತ್ತಾಳೆ. ಇಷ್ಟಕ್ಕೆ ನೀವು ಒಪ್ಪಬೇಕು, ಅಧ್ಯಕ್ಷರೇ.

ಹೊನ್ನವ್ವ
ಶಾವಂತ್ರೆವ್ವನ ಮಗಳು