ಎಂಟು ಗಂಟೆಯ ಮಳೆ ಲೆಕ್ಕ

ಅತ್ತಿಗೆಗೆ ನಮಸ್ಕಾರ. ಒದ್ದೆ ಕೈಯಲ್ಲೇ ಬರೆಯುತ್ತಿದ್ದೇನೆ.

ಮೂರು ವರ್ಷದ ಬರ ಮುಗಿಯಿತು. ನನ್ನ ಮನೆಯೊಡತಿ, ನಿವೃತ್ತ ಟೀಚರು, ದಿನಾ ಬೆಳಿಗ್ಗೆ ಎಂಟಕ್ಕೆ ಅಂಗಳದ ಮಳೆ ಅಳೆಯುವ ಡಬ್ಬಿ ನೋಡಿ ಪುಸ್ತಕದಲ್ಲಿ ಬರೆಯುವವರು. ನಿನ್ನೆ ಸೊನ್ನೆ ಬರೆದ ಐದೇ ನಿಮಿಷಕ್ಕೆ ಆಕಾಶ ತೂತಾದಂತೆ ಸುರಿಯಿತು. "ತಿದ್ದಿ ಟೀಚರ್!" ಎಂದು ಬೀದಿಯೆಲ್ಲ ಕೂಗಿತು. "ಇವತ್ತಿನ ಲೆಕ್ಕ ಮುಗೀತು, ನಾಳೆ ಎಂಟಕ್ಕೆ ಬನ್ನಿ" ಎಂದುಬಿಟ್ಟರು! ಇಂಥ ಹಟವನ್ನು ನಾನೆಲ್ಲೂ ಕಂಡಿಲ್ಲ.

ಇವತ್ತು ಸುರಿಯುವ ಮಳೆಯಲ್ಲೇ ಎಲ್ಲರೂ ಬಂದು ನಿಂತರು. ಟೀಚರು ಅಳೆದು "ನೂರಾ ಹನ್ನೆರಡು ಮಿಲಿಮೀಟರ್!" ಎಂದು ಕೂಗಿ, ಬರೆದದ್ದು ಮಾತ್ರ ಸೊನ್ನೆ. ಕೈಗೆ ಅದೇ ರೂಢಿ. ಕಣ್ಣೊರೆಸಿಕೊಂಡು, ನಗುತ್ತಾ ತಿದ್ದಿದರು.

ನಾನು ಬೇಡವೆಂದರೂ ನೀವು ಚೀಲಕ್ಕೆ ತುರುಕಿದ ಕೊಡೆಯೊಂದೇ ಇಡೀ ಬೀದಿಗೆ ಇದ್ದದ್ದು; ಟೀಚರು ಬರೆಯುವಾಗ ಅದನ್ನು ಹಿಡಿದು ನಿಂತವನು ನಾನೇ. ನನಗೆ ನೆಗಡಿಯಾಗಿದೆ, ಜ್ವರವೇನೂ ಇಲ್ಲ. ಪುಸ್ತಕಕ್ಕೆ ಒಂದು ಹನಿಯೂ ತಾಗಲಿಲ್ಲ.

ನಿಮ್ಮ ಮೈದುನ